ಬಚ್ಚಲಲ್ಲಿ ಬಿಚ್ಚಿಟ್ಟ ಮೋಟರು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು, ಇಲ್ಲವೆಂದಲ್ಲ. ಆದರೆ ಬೀದಿಗೆಲ್ಲ ಅವನು ಗಡಿಬಿಡಿ. ಏಳು ತಿಂಗಳಿಗೇ ಹುಟ್ಟಿದವನು. ಇನ್ನೆರಡು ತಿಂಗಳು ಕಾಯುವ ತಾಳ್ಮೆ ಹೊಟ್ಟೆಯೊಳಗಿದ್ದಾಗಲೇ ಇರಲಿಲ್ಲ ಎಂದು ಅವನ ತಾಯಿ ಹೇಳಿ ನಗುತ್ತಿದ್ದಳು. ಕೂತು ಉಂಡದ್ದನ್ನು ಕಂಡವರು ಕಡಿಮೆ. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ನೀರಿನ ಪಂಪು ರಿಪೇರಿ ಅವನ ಕಸುಬು, ಕೈ ಮಾತ್ರ ಬಂಗಾರದ್ದು. ಸತ್ತೇಹೋಯಿತು ಎಂದು ಬಿಟ್ಟ ಪಂಪನ್ನು ಒಂದು ಗಂಟೆಯಲ್ಲಿ ಎಬ್ಬಿಸುತ್ತಿದ್ದ, ಎಬ್ಬಿಸಿದ ಸ್ಪ್ಯಾನರನ್ನು ಅಲ್ಲೇ ಮರೆತು ಬರುತ್ತಿದ್ದ. ಅವನ ಸ್ಪ್ಯಾನರ್ ಇಲ್ಲದ ಮನೆ ಆ ಬೀದಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಇಂಥವನು ಐದು ವಾರದಿಂದ ಹೊತ್ತು ಸಿಕ್ಕಾಗಲೆಲ್ಲ ಬಚ್ಚಲ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಒಳಗೆ ಗೋಣಿಚೀಲದ ಮೇಲೆ ಅವನ ಅಣ್ಣನ ದೋಣಿ ಮೋಟರು ಬಿಚ್ಚಿ ಬಿದ್ದಿತ್ತು. ದೋಣಿಯ ಹಿಂದಿನ ಹಲಗೆಗೆ ಎರಡು ತಿರುಪು ಬಿಗಿದು ನೇತುಹಾಕುತ್ತಾರಲ್ಲ, ಮೇಲೆ ಕೊಡದಷ್ಟು ಇಂಜಿನ್ನು, ಕೆಳಗೆ ನೀರಲ್ಲಿ ತಿರುಗುವ ರೆಕ್ಕೆ, ಅಂಥದ್ದು. ಅದು ಕಳುವಾಗಿದೆ ಎಂದು ದಡದವರೆಲ್ಲ ನಂಬಿದ್ದರು. ಕಳುವಾಗಿಲ್ಲ ಎಂದು ಮೊದಲ ದಿನದಿಂದಲೇ ಗೊತ್ತಿದ್ದವನು ಇವನೊಬ್ಬ, ಮತ್ತೆ ಇವನು ಬಾಯಿ ಬಿಡುತ್ತಿರಲಿಲ್ಲ.

ಆದದ್ದು ಇಷ್ಟೆ. ಅಣ್ಣ ಆ ದೋಣಿಯಲ್ಲಿ, ಕಡಲ ಉಪ್ಪುನೀರು ಏರಿಳಿಯುವ ಹೊಳೆಯ ಆಚೆ ದಡಕ್ಕೆ ಸಾಮಾನು ಸಾಗಿಸುವವನು. ಮೋಟರು ಮಧ್ಯೆ ಮಧ್ಯೆ ಬಿಕ್ಕುತ್ತದೆ ಎಂದು ಒಂದು ಸಲ ಗೊಣಗಿದ್ದ. ನಾನಿಲ್ಲದಾಗ ಅದನ್ನು ಮುಟ್ಟಬೇಡ ಎಂದೂ ಹೇಳಿದ್ದ. ಅವನಿಗೆ ತಮ್ಮನ ಕೈಯ ಕಸುಬೂ ಗೊತ್ತು, ಕಾಲಿನ ಅವಸರವೂ ಗೊತ್ತು. ಆದರೆ ಗಡಿಬಿಡಿಗೆ ಬಿಕ್ಕುವ ಮೋಟರಿದೆ ಎಂದರೆ ನಿದ್ದೆ ಬರುವುದುಂಟೆ? ಅಣ್ಣ ನೆಂಟರ ಮನೆಗೆ ಹೋದ ದಿನ ಬೆಳಗಾಗುತ್ತಲೇ ದಡಕ್ಕೆ ಹೋದ. ದೋಣಿ ಕಾಯುವ ಮುದುಕ ಕಾವಲುಗಾರ ಮುಖ ತೊಳೆದು ಚಹಾ ಕುಡಿದು ಬರಲು ಊರೊಳಗೆ ಹೋಗಿದ್ದ. ತಿರುಪು ಸಡಿಲಿಸಿ, ಮೋಟರನ್ನು ಈಚೆಗೆ ಸರಿಸಿ, ಪೆಟ್ರೋಲು ಹರಿಯುವ ದಾರಿ ಊದಿ ಚೊಕ್ಕ ಮಾಡಿದ. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಖುಷಿಯಲ್ಲಿ ಒಂದು ಸುತ್ತು ಹೊಡೆದು ಬರೋಣವೆಂದು ಹೊರಟ. ಸಡಿಲಿಸಿದ ತಿರುಪನ್ನು ಮತ್ತೆ ಬಿಗಿಯಬೇಕಿತ್ತು, ಬಿಗಿಯಲಿಲ್ಲ. ಮೋಟರಿಗೆ ಕಟ್ಟಬೇಕಾದ ಹಗ್ಗ ದೋಣಿಯೊಳಗೇ ಬಿದ್ದಿತ್ತು. ತಿರುವಿನಲ್ಲಿ ಮೋಟರು ಹಲಗೆ ಬಿಟ್ಟು ಎಗರಿತು, ಗುಳುಕ್ ಎಂದಿತು, ಆಮೇಲೆ ಏನೂ ಇಲ್ಲ. ಹುಟ್ಟು ಹಾಕಿ ದಡಕ್ಕೆ ಬಂದು, ಕಾವಲುಗಾರ ಬರುವ ಮೊದಲೇ ದೋಣಿ ಕಟ್ಟಿ, ಸೀದಾ ಮನೆಗೆ ಬಂದ.

ಸಂಜೆ ಅಣ್ಣನಿಗೆ ಹೇಳಿಬಿಡುವುದೆಂದೇ ಇದ್ದ, ಆಣೆಗೂ ಇದ್ದ. ಆದರೆ ಅಣ್ಣ ಸಂಜೆಯವರೆಗೆ ಕಾಯದೆ ಮಧ್ಯಾಹ್ನವೇ ಬಂದು, ಬರಿದಾದ ಹಲಗೆ ನೋಡಿ, ಕಳುವಾಯಿತೆಂದು ಕೂಗಿಕೊಂಡ. ಜನ ಸೇರಿದರು. ಆ ಗದ್ದಲದಲ್ಲಿ ಗಡಿಬಿಡಿ ಹಿಂದೆ ಸರಿದ. ನಾಳೆ ಹೇಳೋಣ ಎಂದುಕೊಂಡ. ಮರುದಿನ ಬೆಳಿಗ್ಗೆ ದೋಣಿಯವರ ಸಂಘ ಕಾವಲುಗಾರನನ್ನು ಕರೆದು, ಕೀಲಿಕೈ ಇಸಿದುಕೊಂಡು, ನಾಳೆಯಿಂದ ಬರಬೇಡಿ ಎಂದಿತು. ಕದ್ದೆ ಎಂದು ಯಾರೂ ಎದುರಿಗೆ ಹೇಳಲಿಲ್ಲ. ಕಾವಲಿದ್ದವನಿಗೆ ಗೊತ್ತಾಗದೆ ಮೋಟರು ನಡೆದುಕೊಂಡು ಹೋಯಿತಾ ಎಂದಷ್ಟೇ ಕೇಳಿದರು. ಹತ್ತೊಂಬತ್ತು ವರ್ಷ ಒಂದು ಹಗ್ಗದ ತುಂಡು ಕಳೆಯದಂತೆ ಕಾದವನು ಎದ್ದುಹೋದ. ಎಲ್ಲರೂ ಅವನನ್ನು ಮಾಮ ಎನ್ನುತ್ತಿದ್ದರು. ಅವತ್ತು ಯಾರೂ ಹಾಗೆ ಕರೆಯಲಿಲ್ಲ.

ಅಲ್ಲಿಂದ ಗಡಿಬಿಡಿಗೆ ಮೈಯೆಲ್ಲ ಇರುವೆ ಹರಿದ ಹಾಗೆ. ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು, ಯಾರು ಪಿಸುಗುಟ್ಟಿದರೂ ತನ್ನದೇ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ದಿನಕ್ಕೆ ನೂರು ಸಲ ಹೆಗಲು ಮುಟ್ಟಿಕೊಂಡ. ಮೋಟರು ಮುಳುಗಿ ಐದು ವಾರ ಕಳೆದ ಮೇಲೆ, ನೀರು ತುಂಬ ಇಳಿದ ಒಂದು ಬೆಳಿಗ್ಗೆ, ಕಬ್ಬಿಣದ ಕೊಕ್ಕೆ ಹಗ್ಗಕ್ಕೆ ಕಟ್ಟಿ, ಎದೆಮಟ್ಟ ನೀರಲ್ಲಿ ಕೆಸರು ಕೆದಕಿ ಮೋಟರನ್ನು ಎಳೆದೇ ಎಳೆದ. ಗೋಣಿಯಲ್ಲಿ ಸುತ್ತಿ ಮನೆಗೆ ತಂದ. ಉಪ್ಪುಕೆಸರಿನಲ್ಲಿ ಹೂತಿರುವಷ್ಟು ದಿನ ಇಂಜಿನ್ನು ಹೇಗೋ ಉಳಿಯುತ್ತದೆ, ಗಾಳಿ ತಗುಲಿದ ಗಳಿಗೆಯಿಂದ ತುಕ್ಕು ಕಣ್ಣೆದುರೇ ಏರುತ್ತದೆ. ಅದು ಅವನಿಗೆ ಗೊತ್ತಿತ್ತು. ಹತ್ತು ಕೊಡ ಸಿಹಿನೀರಲ್ಲಿ ತೊಳೆದು, ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿ ಡೀಸೆಲ್ ತುಂಬಿ ಮುಳುಗಿಸಿಟ್ಟ.

ಬಟ್ಟೆ ಹೊಲಿಯುವ ಅವನ ಹೆಂಡತಿ ಹೊಲಿಗೆಯಂತ್ರ ನಿಲ್ಲಿಸಿ ಬಂದು ನೋಡಿದಳು. ಗುಜರಿಯವನ ಹತ್ತಿರ ತಂದೆ ಎಂದ. ಅವಳು ಬೆರಳಿನಿಂದ ಕೆಸರು ಒರೆಸಿದಳು. ಕೆಳಗೆ ನೀಲಿ ಬಣ್ಣ, ಅದರ ಮೇಲೊಂದು ಬಿಳಿ ಪಟ್ಟಿ.

“ಗುಜರಿಯವನು ಭಾವನ ಬಣ್ಣಾನೂ ಹಚ್ಚಿ ಕೊಟ್ನಾ?” ಎಂದಳು.

ಅವನು ಅಲ್ಲೇ ಕುಕ್ಕರಿಸಿ ಎಲ್ಲ ಹೇಳಿದ. ಹೇಳುವಾಗ ಅತ್ತನೂ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಈಗಲೇ ಹೋಗಿ ಹೇಳಿ ಎಂದಳು. ಬರಿಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಹೋಗಲಿ, ಓಡುವ ಹಾಗೆ ಮಾಡುತ್ತೇನೆ, ಓಡಿದ ದಿನವೇ ಹೇಳುತ್ತೇನೆ ಎಂದು ಬೇಡಿಕೊಂಡ. ಒಂದು ವಾರ ಎಂದಳು. ಒಂದು ವಾರ ಎಂದ.

ತುಕ್ಕಿನ ಬೋಲ್ಟಿಗೆ ಯಾರ ಗಡಿಬಿಡಿಯೂ ಗೊತ್ತಿಲ್ಲ. ಮೊದಲನೆಯದನ್ನು ಅವಸರದಲ್ಲಿ ತಿರುಗಿಸಿದ, ತಲೆ ಮುರಿದು ಕೈಗೆ ಬಂತು. ಎರಡನೆಯದೂ ಹಾಗೇ. ಆಮೇಲೆ ಬುದ್ಧಿ ಬಂತು: ಬಿಸಿ ಮಾಡಬೇಕು, ಎಣ್ಣೆ ಬಿಡಬೇಕು, ಒಂದು ಕೂದಲಷ್ಟು ಸಡಿಲಿಸಿ ಮತ್ತೆ ಬಿಗಿಯಬೇಕು, ಮತ್ತೆ ಸಡಿಲಿಸಬೇಕು. ಒಂದು ಬೋಲ್ಟಿಗೆ ಒಂದು ಸಂಜೆ. ಅಲ್ಯೂಮಿನಿಯಂ ಮೈ ಸುಣ್ಣದ ಹಾಗೆ ಉದುರುತ್ತಿತ್ತು. ಗೇರ್‌ಬಾಕ್ಸಿನ ಎಣ್ಣೆ ನೀರು ಸೇರಿ ಹಾಲಾಗಿತ್ತು. ಪಿಸ್ಟನ್ ಕಚ್ಚಿಕೊಂಡದ್ದು ಹನ್ನೊಂದು ದಿನ ಜಪ್ಪಯ್ಯ ಅನ್ನಲಿಲ್ಲ; ಮರದ ತುಂಡಿಟ್ಟು ತಟ್ಟಿ ತಟ್ಟಿ, ಹನ್ನೆರಡನೆಯ ದಿನ ಒಂದು ಉಗುರಿನಷ್ಟು ಅಲ್ಲಾಡಿದಾಗ ಅವನು ಎದ್ದು ಬಚ್ಚಲಲ್ಲೇ ನಾಲ್ಕು ಸುತ್ತು ತಿರುಗಿದ. ಬೇರಿಂಗು, ರಿಂಗು, ರಬ್ಬರು ಸೀಲುಗಳನ್ನು ಹಳೆಯ ಮೋಟರುಗಳಿಂದ ಕಿತ್ತು ತಂದ. ಮನೆಯವರು ಸ್ನಾನಕ್ಕೆ ಅಡುಗೆಮನೆಯ ಮೂಲೆ ಹಿಡಿದರು. ಪಂಪು ಕೆಟ್ಟವರು ಬಾಗಿಲು ಬಡಿದು ಬಡಿದು ವಾಪಸು ಹೋದರು. ಒಂದು ವಾರ ಎರಡಾಯಿತು, ಮೂರಾಯಿತು. ಹೆಂಡತಿ ಪ್ರತಿ ಸೋಮವಾರ ಕೇಳುತ್ತಿದ್ದಳು, ಅವನು ಪ್ರತಿ ಸೋಮವಾರ ಇನ್ನೊಂದು ಮುರಿದ ಬೋಲ್ಟು ತೋರಿಸುತ್ತಿದ್ದ. ಆ ಬೋಲ್ಟುಗಳಿಗೆ ಅವನು ಒಳಗೊಳಗೇ ಕೃತಜ್ಞನಾಗಿದ್ದ, ಇದನ್ನು ಮುಚ್ಚಿಟ್ಟು ಏನು ಪ್ರಯೋಜನ.

ನಾಲ್ಕನೆಯ ವಾರ ಮಾಮ ಮನೆಗೇ ಬಂದ. ಗಡಿಬಿಡಿ ಬಚ್ಚಲ ಬಾಗಿಲು ಎಳೆದುಕೊಂಡು, ಗ್ರೀಸಿನ ಕೈ ಹಿಂದೆ ಕಟ್ಟಿ ಹೊರಗೆ ನಿಂತ. ಮುದುಕನ ಕಾಲಲ್ಲಿ ಬೆರಳಿಗೆ ಬಟ್ಟೆ ಸುತ್ತಿತ್ತು. ದಿನಾ ಒಂದೊಂದು ದಡಕ್ಕೆ ನಡೆದುಹೋಗಿ, ಕಟ್ಟಿದ ದೋಣಿಗಳ ಮೋಟರು ನೋಡಿ ಬರುತ್ತಿದ್ದನಂತೆ. ಮೇಲಿನ ಕಡೆ ಮುಗಿಯಿತು, ಇನ್ನು ಕೆಳಗಿನ ಕಡೆ ಶುರು ಮಾಡಬೇಕು ಎಂದ. ಕದ್ದವನು ಬಣ್ಣ ಬದಲಿಸಿದ್ದರೆ ಗುರುತು ಹಿಡಿಯುವುದು ಹೇಗೆ, ನಿನಗೆ ಇಂಜಿನ್ನು ಗೊತ್ತು, ಒಂದು ಗುರುತು ಹೇಳು ಎಂದು ಕೇಳಿದ. ಗಡಿಬಿಡಿ ಏನೋ ಹೇಳಿದ. ಹಿಡಿಕೆಯ ಹತ್ತಿರ ಒಂದು ಬಿರುಕಿದೆ, ಅದು ಇದು. ಮುದುಕ ತಲೆಯಾಡಿಸಿ, ನೀರು ಕುಡಿದು, ಕುಂಟುತ್ತ ಬೀದಿಯ ಕೊನೆಯವರೆಗೆ ಹೋದ. ಹೆಂಡತಿ ಹೊಲಿಗೆಯಂತ್ರದ ಮುಂದೆ ಕೂತಿದ್ದಳು, ಕಾಲು ತುಳಿಯುತ್ತಿರಲಿಲ್ಲ.

ಐದನೆಯ ವಾರದ ಭಾನುವಾರ ಹಿತ್ತಲಲ್ಲಿ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಮೋಟರನ್ನು ಅದರ ಅಂಚಿಗೆ ಕಚ್ಚಿಸಿ, ಎರಡೂ ತಿರುಪನ್ನು ಮೂರು ಮೂರು ಸಲ ಮುಟ್ಟಿ ನೋಡಿ, ಹಗ್ಗ ಎಳೆದ. ಇಲ್ಲ. ಇಪ್ಪತ್ತು ಸಲ ಎಳೆದ, ಇಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿ ಮತ್ತೆ ಎಳೆದ. ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹತ್ತಿಕೊಂಡಿತು. ಡ್ರಮ್ಮಿನ ನೀರು ಎದ್ದು ಅವನ ಮುಖಕ್ಕೇ ಹೊಡೆಯಿತು. ನಿಲ್ಲದೆ ಓಡಿತು, ಬಿಕ್ಕದೆ ಓಡಿತು. ಹುಟ್ಟಿ ಇಷ್ಟು ವರ್ಷಕ್ಕೆ ಅವನು ತಾಳ್ಮೆಯಿಂದ ಮಾಡಿದ ಕೆಲಸ ಅದೊಂದೇ.

ಮೋಟರು ಆರಿಸಿದ್ದೇ ತಡ, ಅವನ ತಲೆ ಓಡತೊಡಗಿತು. ಹೆಂಡತಿಯನ್ನು ಒಳಗೆ ಕರೆದು ಹೇಳಿದ: ಹೇಳುವುದೇ ಬೇಕಾಗಿಲ್ಲ. ಯಾರೂ ಇಲ್ಲದಾಗ ಒಯ್ದು ಅಣ್ಣನ ದೋಣಿಗೆ ಬಿಗಿದುಬಿಟ್ಟರೆ ಆಯಿತು. ಕಳ್ಳನಿಗೆ ಬುದ್ಧಿ ಬಂದು ತಂದಿಟ್ಟ ಎಂದುಕೊಳ್ಳುತ್ತಾರೆ. ಅಣ್ಣನಿಗೆ ಮೋಟರು ಸಿಕ್ಕಿತು, ಮಾಮನಿಗೆ ಕೆಲಸ ಸಿಕ್ಕಿತು, ಹಾವೂ ಸತ್ತಿತು, ಕೋಲೂ ಉಳಿಯಿತು. ಹೇಳುತ್ತ ಹೇಳುತ್ತ ಅವನಿಗೇ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಎದ್ದು ಗೋಣಿ ಹುಡುಕತೊಡಗಿದ.

“ರೀ, ಕೂತ್ಕೊಳ್ಳಿ” ಎಂದಳು ಹೆಂಡತಿ. “ಮೋಟರು ತಾನಾಗೇ ವಾಪಸ್ ಬಂದ್ರೆ ಜನ ಏನಂತಾರೆ? ಮಾಮ ಹೆದರ್ಕೊಂಡು ತಂದಿಟ್ಟ ಅಂತಾರೆ. ಇಷ್ಟು ದಿನ ಅನುಮಾನ ಇತ್ತು. ನಾಳೆಯಿಂದ ಗ್ಯಾರಂಟಿ ಆಗುತ್ತೆ.”

ಗಡಿಬಿಡಿ ಕೂತ. ಐದು ವಾರ ಉಗುರು ಕಿತ್ತುಹೋಗುವ ಹಾಗೆ ದುಡಿದು ಎಬ್ಬಿಸಿದ ಮೋಟರು, ಇವನು ಬಾಯಿ ಬಿಡದೆ ದಡ ಸೇರಿದರೆ, ಮುದುಕನನ್ನು ಕಳ್ಳನೆಂದು ಸಾಬೀತು ಮಾಡುವುದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಬಾರದು. ತುಕ್ಕು ತಿಂದು ಅಲ್ಲೇ ಕರಗಿದ್ದರೇ ವಾಸಿಯಿತ್ತು. ಮಾಡಿದ್ದುಣ್ಣೋ ಮಹರಾಯ.

ಸೋಮವಾರ ಹಗಲು ಹತ್ತು ಗಂಟೆಗೆ, ದೋಣಿಯವರೆಲ್ಲ ಸೇರಿರುವ ಹೊತ್ತಿಗೆ, ಮೋಟರನ್ನು ಸೈಕಲ್ಲಿಗೆ ಕಟ್ಟಿ ಗೋಣಿ ಮುಚ್ಚದೆ ತಳ್ಳಿಕೊಂಡು ಹೋದ. ನೋಡಿದವರೆಲ್ಲ ಹಿಂದೆ ಬಂದರು. ಸಂಘದ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅಣ್ಣ ಮೋಟರನ್ನು ನೋಡಲಿಲ್ಲ, ತಮ್ಮನನ್ನು ನೋಡಿದ. ಅವತ್ತೇ ಹೇಳಿದ್ದರೆ ಎರಡೇಟು ಹಾಕಿ ಮರೆಯುತ್ತಿದ್ದೆ, ಈಗ ಯಾವುದಕ್ಕೆ ಹೊಡೆಯಲಿ ಎಂದು ಹೇಳಿ ಒಳಗೆ ಹೋದ. ಯಾರೋ ಓಡಿಹೋಗಿ ಮಾಮನನ್ನು ಕರೆತಂದರು. ಸಂಘದ ಹಿರಿಯ ಕೀಲಿಕೈ ಮುಂದೆ ಚಾಚಿ, ಇವತ್ತಿಂದಲೇ ಬನ್ನಿ ಮಾಮ ಎಂದ. ಮುದುಕ ಅದನ್ನು ಮುಟ್ಟಲಿಲ್ಲ. ಮೋಟರನ್ನೊಮ್ಮೆ ನೋಡಿ, ಗಡಿಬಿಡಿಯ ಕಡೆ ತಿರುಗಿದ.

“ಇಲ್ಲಿ ಹೇಳಿದ್ದು ಸಾಕು. ನಮ್ಮನೇಗೆ ಬಂದು ಒಂದ್ಸಲ ಹೇಳು.”

ಮಾಮನ ಮನೆ ಎರಡು ಕೋಣೆಯದು. ಮುದುಕನ ಹೆಂಡತಿ ಹೊಸ್ತಿಲಲ್ಲಿ ಕೂತು ಕಲ್ಲು ಆರಿಸಿ ಕಾಳು ಹಸನು ಮಾಡುತ್ತಿದ್ದಳು. ಗಡಿಬಿಡಿ ನಿಂತೇ ಹೇಳಿದ, ಈ ಸಲ ಒಂದೇ ಉಸಿರಿಗೆ ಆಗಲಿಲ್ಲ. ಮೋಟರು ಬಿದ್ದದ್ದು, ತಾನು ಸುಮ್ಮನಿದ್ದದ್ದು, ಅವತ್ತು ಗುರುತು ಕೇಳಲು ಬಂದ ಮಾಮನನ್ನು ಹಾಗೇ ಕಳಿಸಿದ್ದು. ಅವಳು ಕೈಯಾಡಿಸುವುದನ್ನು ನಿಲ್ಲಿಸಿದಳು. ಅವನನ್ನು ನೋಡಲೇ ಇಲ್ಲ. ಗಂಡನನ್ನು ನೋಡಿದಳು.

“ಮತ್ತೆ ನಾನು ತಗೊಂಡಿಲ್ಲ ಕಣೇ ಅಂತ ನನ್ನ ಹತ್ರ ಒಂದ್ಮಾತು ಯಾಕೆ ಹೇಳ್ಲಿಲ್ಲ ನೀವು?”

“ನೀನು ಕೇಳ್ಲೇ ಇಲ್ಲ” ಎಂದ ಮುದುಕ.

ಅವಳು ಮೊರದ ಮೇಲೆ ಬಗ್ಗಿ ಮತ್ತೆ ಕಾಳಿನಲ್ಲಿ ಕೈಯಾಡಿಸತೊಡಗಿದಳು. ಆರಿಸಲು ಅಲ್ಲಿ ಕಲ್ಲು ಒಂದೂ ಉಳಿದಿರಲಿಲ್ಲ.