ಮಲಗಿದವರ ಕಾಲಿಗೆ ಬೀಳಬಾರದು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಬಚ್ಚಲಿನ ಡ್ರಮ್ಮು, ಅಡುಗೆಮನೆಯ ಹಂಡೆ, ಕುಡಿಯುವ ನೀರಿನ ಪಾತ್ರೆ ಎಲ್ಲ ತುಂಬಬೇಕು. ಎಚ್ಚರವಾದ ಕೂಡಲೇ ನಾನು ಏಳುತ್ತಿರಲಿಲ್ಲ. ಮಲಗಿದಲ್ಲೇ ಒಂದೊಂದು ಭಾಗವನ್ನು ಅಲ್ಲಾಡಿಸಿ ನೋಡುತ್ತಿದ್ದೆ. ಮೊದಲು ಕಾಲಿನ ಹೆಬ್ಬೆರಳು, ಆಮೇಲೆ ಮೀನಖಂಡ, ಸೊಂಟ, ಕೊನೆಗೆ ಬಲ ಹೆಗಲಿನ ಎಲುಬಿನ ಕೆಳಗೆ. ಅಲ್ಲಿ ಮಾಂಸ ಗಂಟು ಕಟ್ಟಿ ನಿಂತಿದ್ದರೆ ಆ ದಿನ ಬಕೆಟ್ ಎತ್ತುವ ಹಾಗಿಲ್ಲ. ಚೊಂಬಿನಲ್ಲಿ ಮೊಗೆದು ಮೊಗೆದು ಅಡುಗೆಮನೆಗೆ ಒಯ್ಯಬೇಕು.

ಕಲ್ಯಾಣದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. ಎಲುಬಿನಲ್ಲಿ ಏನೂ ಇಲ್ಲ, ಇದು ಸ್ನಾಯುಗಳ ಕಾಯಿಲೆ, ಇದರಿಂದ ಯಾರೂ ಸಾಯುವುದಿಲ್ಲ ಎಂದರು. ನಾವು ಏಳುವಾಗ, ಆದರೆ ಇದು ಹೋಗುವುದೂ ಇಲ್ಲ ಎಂದು ಸೇರಿಸಿದರು. ವಾಪಸು ಬರುವಾಗ ಗಂಡ ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ಠಾಣೆಯ ಹೋಟೆಲೊಂದರಲ್ಲಿ ಅವರು ದುಡ್ಡು ತೆಗೆದುಕೊಳ್ಳುವ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಗಾಗುವ ಮೊದಲೇ ಹೊರಡುವ ಕೆಲಸ. ಮನೆಯ ಕೆಲಸಕ್ಕೆ ಅವರ ಕೈ ಒದಗುವಂತಿರಲಿಲ್ಲ.

ನನಗಿದ್ದದ್ದು ಒಂದೇ ಹಟ. ಮಗಳ ಕೈಗೆ ಸೌಟು ಹೋಗಬಾರದು. ಊರಿನಲ್ಲಿ ಅಮ್ಮ ಹೆತ್ತು ಮಲಗಿದ್ದಾಗ, ಸ್ವಲ್ಪ ದಿನದ ಮಟ್ಟಿಗೆ ಎಂದು ನನ್ನನ್ನು ಶಾಲೆ ಬಿಡಿಸಿದ್ದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮಗಳು ಹತ್ತನೆಯದು ಮುಗಿಸಿ ಠಾಣೆಯ ಕಾಲೇಜಿನಲ್ಲಿ ಸೈನ್ಸ್ ಸೇರಿದಾಗ, ನನ್ನ ಮೈ ಹೇಗಿದ್ದರೂ ಈ ಮನೆ ನಡೆಯಬೇಕು ಅಂದುಕೊಂಡೆ.

ನಡೆಸಲು ಉಪಾಯಗಳನ್ನು ಕಲಿತೆ. ಈರುಳ್ಳಿಯನ್ನು ಮಂಚದ ಮೇಲೆ ಕೂತು ಹೆಚ್ಚುವುದು. ಕುಕ್ಕರನ್ನು ಖಾಲಿಯಾಗಿಯೇ ಒಲೆಗೆ ಇಟ್ಟು ಆಮೇಲೆ ಅಕ್ಕಿ, ನೀರು ಹಾಕುವುದು. ಬಟ್ಟೆಯೊಂದಕ್ಕೆ ಮಾತ್ರ ಉಪಾಯ ಹೊಳೆಯಲಿಲ್ಲ. ಇಲ್ಲಿಯ ಮನೆಗಳಲ್ಲಿ ಒಣಗಿಸುವ ಸರಳು ತಲೆಯ ಮೇಲೆ, ಮಾಡಿಗೆ ತಾಗಿಕೊಂಡಿರುತ್ತದೆ. ಒದ್ದೆ ಬಟ್ಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಕತ್ತೆತ್ತಿ, ಸರಳಿನ ಮೇಲೆ ಹಾಯಿಸಬೇಕು. ಒಂದು ದಿನ ಹಾಸಿಗೆಯ ಚಾದರ ಹಾಯಿಸುತ್ತಿದ್ದಾಗ ಹೆಗಲಿನ ಕೆಳಗೆ ಹಿಡಿದುಕೊಂಡಿತು. ಯಾರೋ ಒಳಗಿನಿಂದ ಮುಷ್ಟಿ ಕಟ್ಟಿದಂತೆ. ಕೈ ಇಳಿಸಲು ಆಗಲಿಲ್ಲ. ಚಾದರದ ನೀರು ಮುಖದ ಮೇಲೆ ಸುರಿಯುತ್ತಿತ್ತು.

ಮಗಳು ಬಂದು ಕೋಲು ತೆಗೆದುಕೊಂಡಳು. "ಬಿಡು ಮಮ್ಮಿ."

"ನೀನು ಪುಸ್ತಕ ನೋಡು ಹೋಗು."

"ಪುಸ್ತಕ್ ಭಾಗ್ ನಹೀ ರಹೀ," ಎಂದಳು. ಪುಸ್ತಕ ಏನೂ ಓಡಿ ಹೋಗುತ್ತಿಲ್ಲವಂತೆ. ನಾವು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಅವಳ ಉತ್ತರ ಹೆಚ್ಚಾಗಿ ಹಿಂದಿಯಲ್ಲೇ. ನನಗೆ ನಗು ಬಂತು. ನಕ್ಕದ್ದಕ್ಕೆ ಬೆನ್ನು ಮತ್ತಷ್ಟು ಹಿಡಿಯಿತು.

ಆ ವರ್ಷದ ಹೊಸತು ಭಾನುವಾರ ಬಂತು. ಹೊಸ ಅಕ್ಕಿಯ ಊಟದ ಹಬ್ಬ ಅದು. ಕಲ್ಯಾಣದ ಆಚೆಯ ಗದ್ದೆಗಳಿಂದ ಗಂಡ ಭತ್ತದ ತೆನೆ ತಂದಿದ್ದರು. ಕಾಮೋಠೆಯಿಂದ ಅವರ ಅಕ್ಕ, ನನ್ನ ಅತ್ತಿಗೆ, ಬಂದಿದ್ದರು. ಅವತ್ತು ಅಡುಗೆ ನಾನೇ ಮಾಡಬೇಕೆಂದು ಹಿಂದಿನ ದಿನವಿಡೀ ಮಲಗಿ ಬೆನ್ನನ್ನು ಉಳಿಸಿಕೊಂಡಿದ್ದೆ. ಪಾಯಸಕ್ಕೆ ತೆಂಗಿನಕಾಯಿ ಬೇಕಲ್ಲ, ಹೆರೆಮಣೆಯ ಮೇಲೆ ಕೂತೆ. ಎರಡನೆಯ ಕಡಿ ಅರ್ಧ ತುರಿಯುವಷ್ಟರಲ್ಲಿ ಸೊಂಟದಿಂದ ತೊಡೆಯವರೆಗೆ ಎಳೆದು ನಿಂತಿತು. ಪಕ್ಕಕ್ಕೆ ಬಿದ್ದೆ. ತುರಿ ನೆಲದ ಮೇಲೆಲ್ಲ ಹರಡಿತು. ಗಂಡ, ಮಗಳು ಸೇರಿ ಎತ್ತಿ ಹಾಲ್‌ನ ಮಂಚದ ಮೇಲೆ ಮಲಗಿಸಿದರು.

"ಫೋಟೋದಲ್ಲಿ ಏನೂ ಇಲ್ಲ ಅಂದ್ರಲ್ಲ ಡಾಕ್ಟರು?" ಎಂದರು ಅತ್ತಿಗೆ. ಎಕ್ಸ್‌ರೇಗೆ ಅವರು ಫೋಟೋ ಎನ್ನುತ್ತಿದ್ದರು. ಆಮೇಲೆ ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋದರು. ಉಪ್ಪು ಎಷ್ಟು, ಹರಿವೆಗೆ ಒಗ್ಗರಣೆ ಯಾವಾಗ ಎಂದು ಅವರು ಹೇಳುವುದು ಕೇಳುತ್ತಿತ್ತು. ಮಗಳು ತಿರುಗಿ ಕೇಳಿದ್ದು ಕಡಿಮೆ. ಅವಳಿಗೆ ಗೊತ್ತಿದೆ ಎಂದು ಆಗ ತಿಳಿಯಿತು. ಯಾವಾಗ ಕಲಿತಳೋ.

ಹೊಸತಿನ ಮೊದಲ ತುತ್ತಿಗೆ ಮೊದಲು ಕಿರಿಯರು ಹಿರಿಯರೆಲ್ಲರ ಕಾಲಿಗೆ ಬಿದ್ದು, "ಹೊಸತು ಉಣ್ತೇನೆ" ಎನ್ನಬೇಕು. ಹಿರಿಯರು "ಉಣ್ಣು" ಎಂದ ಮೇಲೆ ಊಟ. ಮಗಳು ಅಪ್ಪನನ್ನು, ಅತ್ತೆಯನ್ನು ಕೇಳಿ ನನ್ನ ಮಂಚದ ಬಳಿ ಬಂದು ಬಗ್ಗಿದಳು.

"ಏ ಏ," ಎಂದು ಅತ್ತಿಗೆ ಅವಳ ರಟ್ಟೆ ಹಿಡಿದರು. "ಮಲಗಿದವರ ಕಾಲಿಗೆ ಬೀಳಬಾರದು ಮಾರಾಯ್ತಿ. ಅದು ಹೆಣಕ್ಕೆ."

ನಾನು ಎದ್ದು ಕೂರುತ್ತೇನೆ ಎಂದೆ. ಗಂಡ ನನ್ನ ಬೆನ್ನಿನ ಕೆಳಗೆ ಕೈ ಹಾಕಿದರು. ಅರ್ಧ ಏಳುವಾಗ ಎರಡೂ ಕಡೆ ಒಟ್ಟಿಗೆ ಹಿಡಿಯಿತು. ನನ್ನ ಬಾಯಿಂದ ಅಂಥ ಸದ್ದು ಹೊರಟದ್ದನ್ನು ನಾನೇ ಮೊದಲ ಸಲ ಕೇಳಿದ್ದು. ಅವರು ನನ್ನನ್ನು ಹಾಗೆಯೇ ದಿಂಬಿಗೆ ಇಳಿಸಿದರು.

ಅತ್ತಿಗೆಗೂ ಪಾಪ ಅನಿಸಿರಬೇಕು. ಹತ್ತಿರ ಬಂದು ನನ್ನ ತಲೆ ಸವರಿದರು. "ನೀನು ಯಾಕೆ ಇಷ್ಟು ತೊಳಲುವುದು? ಇನ್ನು ಅವಳೇ ನೋಡಿಕೊಳ್ಳುತ್ತಾಳಲ್ಲ. ಠಾಣೆಯ ಕಾಲೇಜು ಬಿಟ್ಟು ಇಲ್ಲೇ ಕಾಮರ್ಸಿಗೆ ಬದಲಾಯಿಸಿಕೊಂಡದ್ದು ಒಳ್ಳೆಯದೇ ಆಯಿತು. ಬೆಳಗಿನ ಕ್ಲಾಸು, ಅಡುಗೆಯ ಹೊತ್ತಿಗೆ ಮನೆಯಲ್ಲಿ."

ನಾನು ಗಂಡನ ಕಡೆ ನೋಡಿದೆ. ಅವರು ಎಲೆಯ ಅಂಚನ್ನು ಸರಿ ಮಾಡುತ್ತಿದ್ದರು. ಕಾಲೇಜು ಬದಲಾಯಿಸುವ ಅರ್ಜಿಗೆ ಸಹಿ ಅವರದೇ ಇರಬೇಕು.

"ಹೌದಾ?" ಎಂದು ಮಗಳನ್ನು ಕೇಳಿದೆ.

"ಹಾಂ."

"ನನ್ನನ್ನು ಒಂದು ಮಾತು ಕೇಳಲಿಲ್ಲ."

"ಕೇಳಿದ್ರೆ ನೀನು ಬೇಡ ಅಂತಿದ್ದಿ," ಎಂದಳು. ಕನ್ನಡದಲ್ಲೇ. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಇದು ಎಂದೋ ಮುಗಿದ ವಿಷಯ ಎನ್ನುವಂತೆ. ಆಮೇಲೆ ಮಂಚದ ತಲೆಯ ಕಡೆಗೆ ಬಂದು, ಬಗ್ಗದೆ, ಕೈ ಜೋಡಿಸಿ ನಿಂತಳು. "ಹೊಸತು ಉಣ್ತೇನೆ."

ನಾನು ಹೇಳದೆ ಅವಳು ಉಣ್ಣುವ ಹಾಗಿರಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕದೆ ಅಷ್ಟು ಬಗೆ ಅಡುಗೆ ಮಾಡಿದ್ದಳು. ಉಣ್ಣು ಎಂದೆ.

ಅವಳು ಎಲೆಯ ಮುಂದೆ ಕೂತಳು. ಒಂದು ತುತ್ತು ತಿಂದು ಅತ್ತೆಗೆ ಪಾಯಸ ಬಡಿಸಲು ಎದ್ದಳು. ಬಂದು ಕೂತವಳು ಅಪ್ಪನ ಎಲೆ ಖಾಲಿಯಾದದ್ದು ಕಂಡು ಸಾರು ತರಲು ಮತ್ತೆ ಎದ್ದಳು. ಅವಳ ಎಲೆಯ ಅನ್ನ ಆರುತ್ತಿತ್ತು. ಕೂತು ಉಣ್ಣು, ಬೇಕಾದವರು ಬಡಿಸಿಕೊಳ್ಳಲಿ ಎಂದೆ. ಉಸಿರು ಎಳೆದರೆ ಪಕ್ಕೆ ಹಿಡಿಯುತ್ತಿದ್ದುದರಿಂದ ಮೆಲ್ಲಗೆ ಹೇಳಿದ್ದೆ. ಅದು ಯಾರಿಗೂ ಕೇಳಿಸಲಿಲ್ಲ.