ಕಂಬಿಯ ಹನ್ನೆರಡು ಪೆಟ್ಟು

ನಾನು ಚಿಕ್ಕವಳಿದ್ದಾಗ ಊರಿಗೆ ಎಷ್ಟು ಮಂದಿ ಅತಿಥಿಗಳು ಬಂದರೆಂಬುದು ಒಲೆಯ ಮುಂದೆ ಕುಳಿತಲ್ಲೇ ತಿಳಿಯುತ್ತಿತ್ತು, ಮಕ್ಕಳೇ. ನಮ್ಮೂರು ಹುಮನಾಬಾದಿನಿಂದ ಮನ್ನಾಏಖೇಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ನಾವು ಕ್ರೈಸ್ತರು ಆರೇ ಮನೆಯವರು. ನಮ್ಮದು ಮಣ್ಣಿನ ಗೋಡೆಯ ಪುಟ್ಟ ಚರ್ಚು. ಗಂಟೆ ಇಲ್ಲದ್ದಕ್ಕೆ ಬೇವಿನ ಮರಕ್ಕೆ ಒಂದು ತುಂಡು ರೈಲು ಕಂಬಿ ತೂಗುಹಾಕಿದ್ದರು.

ತಿಂಗಳಿಗೊಂದು ಭಾನುವಾರ ಪಾದ್ರಿ ಸಾಹೇಬರು ಹುಮನಾಬಾದಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲವೊಮ್ಮೆ ಬಸವಕಲ್ಯಾಣದ ಕಡೆಯವರೂ ಒಬ್ಬಿಬ್ಬರು ಜೊತೆಗಿರುತ್ತಿದ್ದರು. ಎಷ್ಟು ಜನ ಇಳಿದರೋ ಕಂಬಿಗೆ ಅಷ್ಟು ಪೆಟ್ಟು. ಯಾರ ಮನೆಯ ಸರದಿಯೋ ಅವರು ಆ ಲೆಕ್ಕಕ್ಕೇ ರೊಟ್ಟಿ ಬಡಿಯುತ್ತಿದ್ದರು. ಉಳಿದ ಮನೆಗಳಿಂದ ಪುಂಡಿಪಲ್ಯ, ಶೇಂಗಾ ಹಿಂಡಿ ಬರುತ್ತಿದ್ದವು.

ಆ ಭಾನುವಾರ ಸರದಿ ನಮ್ಮದು. ಯಾವಾಗಲೂ ಕಂಬಿ ಹೊಡೆಯುವ ಅಕ್ಕ ಅವ್ವನ ಜೊತೆ ಅಡುಗೆಯಲ್ಲಿದ್ದಳು. ನಾನು ಬಿಡದೆ ಕಾಡಿದ್ದಕ್ಕೆ ಅಪ್ಪ ಸುತ್ತಿಗೆ ನನ್ನ ಕೈಗೆ ಕೊಟ್ಟರು. "ಎಷ್ಟ ಮಂದಿ ಇಳೀತಾರ, ಅಷ್ಟ ಹೊಡಿ. ಆಟ ಆಡಬ್ಯಾಡ," ಎಂದು ಹೇಳಿ ಜಮಖಾನ ಹಾಸಲು ಚರ್ಚಿನೊಳಗೆ ಹೋದರು.

ಬಸ್ಸು ನಿಂತಿತು. ಪಾದ್ರಿ ಸಾಹೇಬರು ಒಬ್ಬರೇ ಇಳಿದರು. ನಾನು ಒಂದು ಪೆಟ್ಟು ಹೊಡೆದೆ. ಠಣ್! ಆ ನಾದ ಸುತ್ತಿಗೆಯಿಂದ ಕೈಗೆ, ಕೈಯಿಂದ ಹಲ್ಲಿಗೆ ಹತ್ತಿತು. ಅಂಥ ಸುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇನ್ನೊಂದು ಹೊಡೆದೆ, ಮತ್ತೊಂದು ಹೊಡೆದೆ. ಕೈ ಸೋತು ನಿಲ್ಲಿಸಿದಾಗ ಹನ್ನೆರಡಾಗಿತ್ತು. ಉಳಿದವರು ಹಿಂದಿನಿಂದ ಬರುತ್ತಾರೆಂದು ಒಳಗಿದ್ದ ಅಪ್ಪ ತಿಳಿದರು.

ಮನೆಯ ಕಡೆಯಿಂದ ಟಪ ಟಪ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು, ನಿಲ್ಲಲೇ ಇಲ್ಲ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರು, ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಆ ಸಪ್ಪಳ ಕೇಳುತ್ತಿದ್ದೆ. ಬುಟ್ಟಿಯಲ್ಲಿದ್ದದ್ದು ವಾರಕ್ಕೆಂದು ಅವ್ವ ನಸುಕಿನಲ್ಲೆದ್ದು ಬೀಸಿದ ಹಿಟ್ಟು.

ಆರಾಧನೆ ಮುಗಿಯಿತು. ನಮ್ಮ ಪಡಸಾಲೆಯಲ್ಲಿ ಆರೂ ಮನೆಗಳಿಂದ ತಂದ ಹನ್ನೆರಡು ತಾಟುಗಳು ಸಾಲಾಗಿ ಕುಳಿತಿದ್ದವು. ಅವುಗಳ ಮುಂದೆ ಪಾದ್ರಿ ಸಾಹೇಬರು ಒಬ್ಬರೇ.

"ಉಳಿದವರೆಲ್ಲಿ ಹೋದ್ರರಿ?" ಎಂದು ಅವ್ವ ಕೇಳಿದಳು.

"ನಾ ಒಬ್ಬನೇ ಬಂದೀನವ್ವ," ಎಂದರು ಅವರು.

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ನಾನು ಭೋರೆಂದು ಅತ್ತೆ. "ವಾರದ ಹಿಟ್ಟೆಲ್ಲಾ ಹೋತಲ್ಲೇ, ನನ್ನವ್ವಾ!" ಎಂದು ಅವ್ವ ಕೈ ಎತ್ತಿದಳು.

ಪಾದ್ರಿ ಸಾಹೇಬರು ನಕ್ಕುಬಿಟ್ಟರು. "ತಡೀರಿ, ಹೊಡೀಬ್ಯಾಡ್ರಿ. ಹನ್ನೆರಡು ಮಂದೀನ್ನ ಕರದಾಳ, ಹೋಗಿ ಕರಕೊಂಡ ಬರ್ಲಿ. ಅಲ್ಲೀತನಕ ನಾನೂ ತುತ್ತ ಮುಟ್ಟಂಗಿಲ್ಲ," ಎಂದರು.

ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ರೊಟ್ಟಿ ಆರುತ್ತಿತ್ತು. ಕಣ್ಣೀರು ಒರೆಸಿಕೊಂಡು ರಸ್ತೆಗೆ ಓಡಿದೆ. ಅಲ್ಲಿ ಕೂಲಿಯವರು ಸುಡುಬಿಸಿಲಲ್ಲಿ ಜಲ್ಲಿ ಒಡೆಯುತ್ತಿದ್ದರು.

"ನಮ್ಮ ಮನಿಗಿ ಉಣ್ಣಾಕ ಬರ್ರಿ," ಎಂದೆ.

"ಯಾರದು ಲಗ್ನ ಅದವ್ವ?" ಎಂದಳು ತಲೆಗೆ ಸೆರಗು ಸುತ್ತಿಕೊಂಡಿದ್ದ ಮುದುಕಿ.

"ಲಗ್ನ ಇಲ್ಲರಿ. ನಾ ಗಂಟಿ ಜಾಸ್ತಿ ಹೊಡ್ದೀನಿ."

ಅವರೆಲ್ಲ ಬಿದ್ದು ಬಿದ್ದು ನಕ್ಕರು. ಮುದುಕಿ ಮಾತ್ರ ಧೂಳು ಮೆತ್ತಿದ ತನ್ನ ಕಾಲು ನೋಡಿಕೊಂಡು, "ನಮ್ಮಂಥೋರಿಗೆ ಒಳಗ ಕುಂದ್ರಸ್ತಾರೇನು?" ಎಂದು ಮೆಲ್ಲಗೆ ಕೇಳಿದಳು. ನಾನು ಅವಳ ಕೈ ಹಿಡಿದು ಎಳೆದೆ.

ಅಪ್ಪ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಬಂದ ಹತ್ತು ಮಂದಿಯ ಕಾಲಿಗೂ ತಾವೇ ನೀರು ಹಾಕಿದರು. ಎಲ್ಲರೂ ಪಾದ್ರಿ ಸಾಹೇಬರ ಸಾಲಿನಲ್ಲೇ ಕುಳಿತರು. ಆದರೂ ಒಂದು ತಾಟು ಖಾಲಿ ಉಳಿಯಿತು. ಸಾಹೇಬರು ಅದನ್ನು ನೋಡಿದರು, ರೊಟ್ಟಿ ಮುರಿಯಲಿಲ್ಲ. ನನಗೆ ಮತ್ತೆ ಅಳು ಬಂತು.

ಅವ್ವ ಆ ತಾಟಿನಲ್ಲಿ ರೊಟ್ಟಿ ಇಟ್ಟಳು. ನನ್ನ ರಟ್ಟೆ ಹಿಡಿದು, "ಕುಂದ್ರು. ನೀನೂ ಒಬ್ಬಾಕಿ," ಎಂದಳು.

ಮಕ್ಕಳು ಉಣ್ಣುತ್ತಿದ್ದದ್ದು ಅತಿಥಿಗಳ ಊಟವಾದ ಮೇಲೆ. ಅಂದು ಅವರ ಸಾಲಿನಲ್ಲೇ ಮುದುಕಿಯ ಪಕ್ಕ ಕುಳಿತೆ. ಅವಳು ತನ್ನ ಪಾಲಿನ ಬೆಲ್ಲ ಮುರಿದು ನನಗೂ ಕೊಟ್ಟಳು. ಅಂಥ ಊಟ ನಾನು ಮತ್ತೆ ಉಂಡಿಲ್ಲ. ಇಡೀ ವಾರ ನುಚ್ಚಿನ ಅಂಬಲಿ ಕುಡಿದೆವು ಅನ್ನುವುದೂ ನಿಜ. ಅಕ್ಕ ಗುರುವಾರದವರೆಗೆ ನನ್ನೊಡನೆ ಮಾತು ಬಿಟ್ಟಿದ್ದಳು.

ಈಗ ನಿಮ್ಮ ಮನೆಗೆ ಬರುವವರು ಮೊದಲು ಫೋನ್ ಮಾಡುತ್ತಾರೆ, ನಿಮ್ಮಮ್ಮ ಅಷ್ಟಕ್ಕೇ ಅಕ್ಕಿ ಹಾಕುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊಟಕ್ಕೆ ಎಷ್ಟು ಜನ ಎಂದು ಅವಳು ಕೇಳಿದಾಗ ನಾನು ಯಾವಾಗಲೂ ಒಬ್ಬರನ್ನು ಹೆಚ್ಚಿಗೆ ಹೇಳುತ್ತೇನೆ. ಅಜ್ಜಿಗೆ ಮರೆವು ಎಂದು ನೀವು ನಗುತ್ತೀರಿ. ಇನ್ನು ಮೇಲೆ ನಗುವ ಮುಂಚೆ ಬಾಗಿಲು ತೆರೆದು ನೋಡಿ, ರಸ್ತೆಯಲ್ಲಿ ಯಾರಿದ್ದಾರೆ ಅಂತ.