ಮುದ್ದೆ ಕೋಲಿಗೆ ಬಗ್ಗಿದ ಕಾರ್ಬುರೇಟರ್

ಮಕ್ಕಳಾ, ನನ್ನ ಸೆರಗು ಸೀಮೆಎಣ್ಣೆ ನಾರುತ್ತದೆಂದು ಬೆಳಿಗ್ಗೆಯಿಂದ ನಿಮ್ಮಮ್ಮ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದಾಳೆ. ಜಗಲಿಯ ಮೇಲೆ ಪರಿಗಿ ಊರಿನಿಂದ ಬಂದವರೊಬ್ಬರು ರಿಪೇರಿಗೆಂದು ಚೀಲದಲ್ಲಿ ಹಳೇ ಕಾರಿನ ಕಾರ್ಬುರೇಟರ್ ಇಟ್ಟುಕೊಂಡು ಕೂತಿದ್ದಾರೆ. ಅವರಿಗೆ ಕಾಫಿ ಕಳಿಸಿ ನಾನು ಒಳಗೆ ಇದನ್ನು ಬರೆಯುತ್ತಿದ್ದೇನೆ. ಹೊಸಬರನ್ನು ಕಂಡರೆ ನನಗೆ ಈಗಲೂ ನಾಲಿಗೆ ಒಣಗುತ್ತದೆ.

ಕಾರ್ಬುರೇಟರ್ ಅಂದರೆ ಇಂಜಿನ್ನಿಗೆ ಪೆಟ್ರೋಲು, ಗಾಳಿ ಎರಡನ್ನೂ ಕಲೆಸಿ ಕುಡಿಸುವ ಸಾಮಾನು. ಅದರ ಗಂಟಲಲ್ಲಿ ಒಂದು ಬಿಲ್ಲೆ, ಸಣ್ಣ ಸರಳಿನ ಮೇಲೆ ತಿರುಗುತ್ತದೆ. ಗಾಡಿ ಬಹಳ ದಿನ ನಿಂತರೆ ಆ ಸರಳು ಅಲುಗದಂತೆ ಹಿಡಿದುಕೊಂಡುಬಿಡುತ್ತದೆ.

ನಿಮ್ಮ ತಾತ ಹೋದ ಮೇಲೆ ಕಲ್ಯಾಣದುರ್ಗದ ನಮ್ಮ ಮನೆಯ ಶೆಡ್ಡಿನಲ್ಲಿ ಅವರ ಅಂಬಾಸಿಡರಿಗೂ ಹಾಗೇ ಆಯಿತು. ಅದನ್ನು ಅವರು ಗುಜರಿಯಿಂದ ತಂದು ಎಬ್ಬಿಸಿದ್ದು. ಅದರ ಒಂದೊಂದು ನಟ್ಟನ್ನೂ ತೊಳೆದವಳು ನಾನು. ಆಗ ಅವರ ಅಣ್ಣ, ನಮ್ಮ ಬಾವನೋರು, ಅದನ್ನು ಮತ್ತೆ ಗುಜರಿಗೇ ಹಾಕಲು ಹೊರಟರು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಬಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಅವರೂ ಅಷ್ಟೆ. ನಾನು ಕಂಬದ ಹಿಂದೆಯೇ ಇದ್ದರೂ ತಮ್ಮ ಹೆಂಡತಿಗೆ ಹೇಳಿದರು: "ಅವಳಿಗೆ ಹೇಳೇ, ಓಡದ ಗಾಡೀಲಿ ಕೋಳಿ ಸಾಕ್ತಾಳಾ? ಶುಕ್ರವಾರ ಗುಜರಿಯೋನು ಬತ್ತಾನೆ."

ನಾನು ಕಾರ್ಬುರೇಟರ್ ಬಿಚ್ಚಿಕೊಂಡು ಹಿಂದೂಪುರದ ಬಸ್ಸು ಹತ್ತಿದೆ. ಅಲ್ಲಿಯ ಮೆಕ್ಯಾನಿಕ್ ತಿರುಗಿಸಿ ನೋಡಿ, "ಸತ್ತೋಗ್ಬುಟ್ಟದೆ ಕಣಮ್ಮ. ವದಿಲೇಯ್, ಬಿಟ್ಬುಡು," ಎಂದ. ತಲೆಯಾಡಿಸಿ ಬಂದೆ. ವಾಪಸ್ ಬರುವ ಬಸ್ಸಿನಲ್ಲಿ ಧೈರ್ಯ ಬಂದು "ಬಿಡಲ್ಲ" ಅಂದುಬಿಟ್ಟೆ. ಪಕ್ಕದ ಹೆಂಗಸು, "ಸೀಟು ಬಿಡು ಅಂತ ನಾನೆಲ್ಲಿ ಅಂದೆ ಕಣಮ್ಮ?" ಎಂದಳು.

ಮನೆಗೆ ಬಂದವಳೇ ಹಳೇ ಪಾತ್ರೆಯಲ್ಲಿ ನೀರಿಟ್ಟು ಕಾರ್ಬುರೇಟರನ್ನು ಅದರಲ್ಲಿ ಕುದಿಸಿದೆ. ಅಕ್ಕ, ಅಂದರೆ ಬಾವನೋರ ಹೆಂಡತಿ, ಇಣುಕಿ, "ಉಪ್ಪು ಹಾಕ್ದ್ಯಾ? ಬೆಂದ್ಮೇಲೆ ನಂಗೂ ಒಂದ್ ತುತ್ತಿಡು," ಎಂದಳು. ಒಲೆಯಿಂದ ದೂರ ತಂದು, ಒರೆಸಿ, ಬಿಸಿ ಇರುವಾಗಲೇ ಸರಳಿನ ತುದಿಗೆ ಸೀಮೆಎಣ್ಣೆ ಬಿಟ್ಟೆ. ಮುದ್ದೆ ಕೋಲಿನಿಂದ ಮೆಲ್ಲಗೆ ತಟ್ಟಿದೆ. ಕಬ್ಬಿಣದಿಂದ ಹೊಡೆದರೆ ಮೈ ಸೀಳುತ್ತದೆ, ಮರಕ್ಕೆ ಆ ಸಿಟ್ಟಿಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಮುದ್ದೆ ತೊಳಸುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಜೋರು ಮಾಡಿದರೆ ಗಂಟಾಗುತ್ತದೆ. ಮತ್ತೆ ಕುದಿಸಿದೆ, ಮತ್ತೆ ತಟ್ಟಿದೆ. ಗುರುವಾರ ದೀಪ ಹಚ್ಚುವ ಹೊತ್ತಿಗೆ ಬಿಲ್ಲೆ ಕೂದಲೆಳೆಯಷ್ಟು ಅಲುಗಿತು. ಆಮೇಲೆ ಪೂರ್ತಿ ತಿರುಗಿತು. ಪಕ್ಕದ ಮನೆಯ ಟ್ರ್ಯಾಕ್ಟರ್ ಡ್ರೈವರ್ ಅದನ್ನು ಕೂರಿಸಿ, ಗಾಡಿ ಶುರು ಮಾಡಿಕೊಟ್ಟ.

ಶುಕ್ರವಾರ ಗುಜರಿಯವನ ಲಾರಿ ಬಂದು ನಿಂತಿತು. ಬಾವನೋರು ಎಂದಿನಂತೆ ಅಕ್ಕನಿಗೆ, "ಬೀಗದ ಕೈ ಕೊಡು ಅನ್ನೇ ಅವಳಿಗೆ," ಎಂದರು.

ನಾನು ಕಂಬದಿಂದ ಈಚೆಗೆ ಬಂದೆ. "ಗಾಡಿ ಓಡ್ತದೆ ಬಾವ. ಕೊಡಲ್ಲ."

ಅವರು ಹೆಂಡತಿಯ ಮುಖ ನೋಡಿ, "ಏನಂದ್ಲು?" ಎಂದರು.

"ನಿಮ್ಗೇ ಅಂದ್ಲು, ನಂಗಲ್ಲ," ಎಂದಳು ಅಕ್ಕ.

ಲಾರಿ ಖಾಲಿ ಹೋಯಿತು.

ಈಗ ನಿಮ್ಮಮ್ಮ ಬಂದು ಕೇಳುತ್ತಿದ್ದಾಳೆ: "ಅತ್ತೆ, ಆಗಲ್ಲ ಅಂತ ಹೇಳಿ ಕಳಿಸ್ಲಾ?"

ಬೇಡ, ಒಲೆ ಮೇಲೆ ನೀರಿಡು ಎಂದೆ. ಸೀರೆಯನ್ನೂ ಬದಲಾಯಿಸುವುದಿಲ್ಲ. ಜಗಲಿಗೆ ಹೋಗಿ ನಾನೇ ಮಾತಾಡುತ್ತೇನೆ.